ತೊಳೆಯದ ಮರಿಗೆ

ಫಲಕಕ್ಕೆ ನಲವತ್ತು ಪದ. ಅದಕ್ಕಿಂತ ಹೆಚ್ಚಾದರೆ
ಯಾರೂ ನಿಂತು ಓದುವುದಿಲ್ಲ ಎನ್ನುತ್ತಾಳೆ ಔಶ್ರಿನೆ.
ಹಳೆಯ ಸಿನಗಾಗಿನ ಮರದ ಗೋಡೆಗೆ ಹೊಸ ಬಣ್ಣ ಬಂದಿದೆ,
ಹೆಂಗಸರು ಕೂತು ಪ್ರಾರ್ಥಿಸುತ್ತಿದ್ದ ಅಟ್ಟದಲ್ಲಿ
ಈಗ ನನ್ನ ಮೇಜು.
ಲಿಥುವೇನಿಯಾದ ನಕಾಶೆಯಲ್ಲಿ ನಮ್ಮೂರು
ನೊಣ ಕೂತು ಎದ್ದುಹೋದಷ್ಟು ಗುರುತು.
ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವಳು ನಾನು,
ವಸ್ತುಗಳಿಗೆ ವಾಕ್ಯ ಬರೆಯುವುದು ಈಗಿನ ಕೆಲಸ.

ಬರೆದಿದ್ದೆ:
ಹಿಟ್ಟು ನಾದುವ ಮರಿಗೆ. ಒಂದೇ ದಿಮ್ಮಿಯಲ್ಲಿ ಕೊರೆದದ್ದು.
ಬೇಕರಿಯ ಫ್ರೂಮೆ ಮಗಿದ್ ಅವರದು.
ಯುದ್ಧದ ಬಳಿಕ ನೆರೆಮನೆಯಲ್ಲಿ ಉಳಿದಿತ್ತು.
ದಾನಿ: ಕಸ್ಪರಸ್, ನಿವೃತ್ತ ಗಡಿಯಾರ ರಿಪೇರಿಗಾರ.

ದಾನಿ ಬಂದರು, ತೊಂಬತ್ತರ ಬೆನ್ನು,
ಕಣ್ಣಿಗೆ ಇನ್ನೂ ಅದೇ ಕಸುಬಿನ ಭೂತಗನ್ನಡಿ.
ಒಂದೊಂದು ಪದವನ್ನೂ ಬಿಚ್ಚಿಟ್ಟು ನೋಡಿದರು.
"ಉಳಿದಿತ್ತು ಅಂದರೆ?
ಅದಕ್ಕೇನು ಕಾಲಿತ್ತೆ, ತಾನೇ ನಡೆದು ಬಂದು ಉಳಿಯಲು?"

ಹೊಡೆದುಹಾಕಿ 'ಸಿಕ್ಕಿತ್ತು' ಎಂದು ಬರೆದೆ.
"ಸಿಗುವುದು ಅಣಬೆ ಕಣಮ್ಮ, ಮಳೆ ಬಂದ ಮರುದಿನ."

ನಾಚಿಕೆಯಾಯಿತು. ಕರ್ತೃವಿಲ್ಲದ ವಾಕ್ಯಕ್ಕೆ
ಕೆಂಪು ಗೀಟು ಎಳೆಯುತ್ತಿದ್ದವಳು ನಾನೇ.

"ಬರಿ. ಆಗಸ್ಟ್. ನನಗೆ ಆರು.
ಅವರನ್ನು ಕಾಡಿನ ಕಡೆ ನಡೆಸಿಕೊಂಡು ಹೋದದ್ದು ಬೆಳಗ್ಗೆ.
ನನ್ನಜ್ಜಿ ಪೆತ್ರೊನೆಲೆ ಅವರ ಹಿತ್ತಿಲ ಬಾಗಿಲು ತೆಗೆದದ್ದು
ಮಧ್ಯಾಹ್ನ. ಮಧ್ಯಾಹ್ನ ಅಂತಲೇ ಬರಿ,
ಗುಂಡಿನ ಸದ್ದು ಇನ್ನೂ ನಿಂತಿರಲಿಲ್ಲ.
ಮರಿಗೆಯಲ್ಲಿ ಹಿಟ್ಟಿತ್ತು. ಫ್ರೂಮೆ ರಾತ್ರಿ ನಾದಿಟ್ಟದ್ದು,
ಹೊದಿಸಿದ ಒದ್ದೆ ಬಟ್ಟೆಯನ್ನು
ತಾನೇ ಎತ್ತಿ ಹಿಡಿಯುವಷ್ಟು ಉಬ್ಬಿತ್ತು.
ಸುಮ್ಮನೆ ಹಾಳಾಗುತ್ತಲ್ಲ, ಅಂದಳು ಅಜ್ಜಿ.
ಬೇಯಿಸಿದಳು. ತಿಂದೆವು.
ರುಚಿಯಾಗಿತ್ತು.
ಅದನ್ನೂ ಬರಿ."

ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ.
ಎರಡು ಬಗೆದಾದ ಮೇಲೆ ಆ ಮನೆಯದನ್ನೇ ಉಂಡವರಿಗೆ
ಗಾದೆ ಇಲ್ಲ.

ಮಗುಚಿ ತೋರಿಸಿದರು. ತಳದಲ್ಲಿ
ಕಾದ ಕಬ್ಬಿಣ ಸುಟ್ಟ ಎರಡು ಅಕ್ಷರ.
ಹುಳ ಕೊರೆದದ್ದು ಅಂದಿದ್ದಳಂತೆ ಅಜ್ಜಿ.
ಬಲದಿಂದ ಎಡಕ್ಕೆ ಬರೆಯುವ ಹುಳ!
ಹುಡುಗ ನಂಬಿದ, ಎಷ್ಟೋ ವರ್ಷ,
ಆಮೇಲೆ ನಂಬಿದಂತೆ ನಟಿಸಿದ, ಇನ್ನೂ ಎಷ್ಟೋ ವರ್ಷ.

ನಮ್ಮಲ್ಲಿ ಹಿಟ್ಟಿನ ಮರಿಗೆಯನ್ನು ತೊಳೆಯುವುದಿಲ್ಲ.
ಕೆರೆದು ಬಿಡುತ್ತೇವೆ. ಮರದ ಬಿರುಕಿನಲ್ಲಿ
ಹುಳಿ ಜೀವ ಹಿಡಿದು ಕೂತಿರುತ್ತದೆ,
ಮುಂದಿನ ವಾರದ ಹಿಟ್ಟನ್ನು ಎಬ್ಬಿಸಲು.
ಪೆತ್ರೊನೆಲೆ ತೊಳೆಯಲಿಲ್ಲ.
ಹಿಡಿಯಷ್ಟು ತೆಗೆದಿಟ್ಟು ಮಗಳ ಮದುವೆಗೆ ಕೊಟ್ಟಳು,
ಮಗಳು ನಾದಿನಿಗೆ, ನಾದಿನಿ ಎದುರು ಮನೆಗೆ.

ಎದುರು ಮನೆ ನಮ್ಮದು.

ಈಗ ಫಲಕಕ್ಕೆ ನೂರ ಹನ್ನೊಂದು ಪದ.
ಔಶ್ರಿನೆ ಎಣಿಸಿದಳು, ಏನೂ ಅನ್ನಲಿಲ್ಲ,
ಅಕ್ಷರವನ್ನು ಚಿಕ್ಕದು ಮಾಡಿದಳು.
'ದಾನಿ' ಇದ್ದಲ್ಲಿ 'ಹಿಂದಕ್ಕೆ ತಂದವರು' ಎಂದಿದೆ.
ಯಾರ ಹಿಂದಕ್ಕೆ, ಎಂದು ಶಾಲೆಯ ಹುಡುಗನೊಬ್ಬ ಕೇಳಿದ;
ಉತ್ತರ ಹೇಳುವ ಮೊದಲೇ
ಬಿರುಕಿಗೆ ಬೆರಳು ತುರುಕಿದ, ಗಂಟೆ ಬಡಿದುಕೊಂಡಿತು.

ಶುಕ್ರವಾರ ಸಂಜೆ, ನನ್ನ ಅಡುಗೆಮನೆ.
ಅಮ್ಮ ಬಿಟ್ಟುಹೋದ ಗಾಜಿನ ಭರಣಿಯೊಳಗೆ
ಬೂದು ಬಣ್ಣದ ಹುಳಿ ಗುಳ್ಳೆಗಟ್ಟುತ್ತಿದೆ.
ಅದರ ಹೊತ್ತು ಮೀರಿದೆ, ಹಸಿದಿದೆ.
ಉಣಿಸದಿದ್ದರೆ ಎರಡು ದಿನ, ಹೆಚ್ಚೆಂದರೆ ಮೂರು.
ಆ ಮನೆಯದರಲ್ಲಿ ಈ ಊರಲ್ಲಿ ಇನ್ನೂ ಉಸಿರಾಡುವುದು
ಇದೊಂದೇ ಇರಬಹುದು.

ಒಂದು ಕೈಯಲ್ಲಿ ಮುಚ್ಚಳ,
ಇನ್ನೊಂದರಲ್ಲಿ ಹಿಡಿ ರೈ ಹಿಟ್ಟು,
ನಿಂತಿದ್ದೇನೆ.